ಪ್ರೌಢದೇವರಾಯನ ಬಿಲ್ಲುಪಾಠ

ಬಿಲ್ಲುಗಾರಿಕೆ ಎಂದೊಡನೆ ನಮ್ಮ ಮನಸ್ಸು ಕಣ್ಣಿನ ಕಡೆಗೆ ಹೊರಳುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವ ವರ್ಣಚಿತ್ರವಿದೆ. ಅದನ್ನು ನೋಡಿದವರೆಲ್ಲ ಅವನ ದೃಷ್ಟಿಯನ್ನು ಕೊಂಡಾಡುತ್ತಾರೆ. ಆದರೆ ತಿರುಗುವ ಮೀನನ್ನು ಹೊಡೆಯಲು ದೃಷ್ಟಿಯೊಂದೇ ಸಾಲದು; ಬಾಣ ಬಿಡುವ ಗಳಿಗೆಯೂ ಕೂಡಿಬರಬೇಕು. ಈ ಗುರಿ ಮತ್ತು ಗಳಿಗೆಗಳ ಪಾಠವನ್ನು ನಮ್ಮ ಸೀಮೆಯ ಅರಸನೊಬ್ಬನು ತನ್ನ ಸೈನ್ಯಕ್ಕೆ ಕಲಿಸಿದ ಬಗೆ ಇತಿಹಾಸದಲ್ಲಿ ದಾಖಲಾಗಿದೆ. ಮೇಷ್ಟರ ಕಣ್ಣಿನಿಂದ ಅದನ್ನು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆಯಿತ್ತು.

ಬಿಲ್ಲು ಈ ನಾಡಿಗೆ ಹೊಸತಾಗಿರಲಿಲ್ಲ. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ 12ನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಧನುರ್ವಿದ್ಯೆಯ ಪ್ರದರ್ಶನವನ್ನು ರಾಜವಿನೋದಗಳ ಸಾಲಿಗೆ ಸೇರಿಸಿದ್ದನು. ಬೇಡ ಸಮುದಾಯದವರಿಗಂತೂ ಬಿಲ್ಲು ದಿನನಿತ್ಯದ ಸಂಗಾತಿ. ಹೀಗಿದ್ದರೂ ವಿಜಯನಗರದ ಸೈನ್ಯ ಬಹಮನಿಗಳ ಎದುರು ಮತ್ತೆ ಮತ್ತೆ ಹಿಮ್ಮೆಟ್ಟಬೇಕಾಯಿತು. ಸಿರುಗುಪ್ಪದ ಬಳಿ ತುಂಗಭದ್ರೆಯ ದಡದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಕಾಣುವ ಆಚೆ ದಡದಿಂದಲೇ ರಾಯಚೂರು ದೋಆಬ್ ಆರಂಭವಾಗುತ್ತದೆ. ಎರಡು ರಾಜ್ಯಗಳು ತಲೆಮಾರುಗಳ ಕಾಲ ನೆತ್ತರು ಹರಿಸಿದ್ದು ಆ ಕಪ್ಪುಮಣ್ಣಿನ ನೆಲಕ್ಕಾಗಿ.

15ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಇಮ್ಮಡಿ ದೇವರಾಯನು, ಎಂದರೆ ಪ್ರೌಢದೇವರಾಯನು, ಸಭೆ ಕರೆದು ಸೋಲಿನ ಕಾರಣ ಕೇಳಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಸಭಿಕರು ಎರಡು ಕಾರಣ ಹೇಳಿದರು: ಶತ್ರುಗಳ ಕುದುರೆಗಳು ಬಲವಾದವು, ಅವರಲ್ಲಿ ನುರಿತ ಬಿಲ್ಲುಗಾರರ ದೊಡ್ಡ ಪಡೆಯಿದೆ. ಅರಸನು ಈ ಮಾತಿಗೆ ಸಿಟ್ಟಾಗಲಿಲ್ಲ. ಮುಸ್ಲಿಂ ಯೋಧರನ್ನು ಸೇವೆಗೆ ಸೇರಿಸಿಕೊಂಡು ಜಹಗೀರು ಕೊಟ್ಟನು, ಮಸೀದಿ ಕಟ್ಟಿಸಿದನು. ಅವರು ತನಗೆ ವಂದಿಸುವಾಗ ಧರ್ಮಸಂಕಟವಾಗದಿರಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು. ಬಳಿಕ ತನ್ನ ಹಿಂದೂ ಸೈನಿಕರೆಲ್ಲರೂ ಬಿಲ್ಲು ಕಲಿಯಬೇಕೆಂದು ಆಜ್ಞಾಪಿಸಿದನು. ಸ್ವತಃ ತಾನೂ ತನ್ನ ಅಧಿಕಾರಿಗಳೂ ಅಭ್ಯಾಸಕ್ಕೆ ನಿಂತರು. 2,000 ಮುಸ್ಲಿಂ ಬಿಲ್ಲುಗಾರರೂ 60,000 ಹಿಂದೂ ಬಿಲ್ಲುಗಾರರೂ ಸಿದ್ಧರಾದರೆಂದು ಫೆರಿಷ್ತಾನ ಲೆಕ್ಕ. ಅವನು ಬರೆದದ್ದು ಒಂದೂವರೆ ಶತಮಾನದ ಅನಂತರ, ಬಿಜಾಪುರದಲ್ಲಿ. ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಮುಸ್ಲಿಂ ಅಧಿಕಾರಿಗಳು ಆ ಸೇವೆಯಲ್ಲಿದ್ದುದಕ್ಕೆ ಹಂಪೆಯಲ್ಲಿ ಕಲ್ಲಿನ ಸಾಕ್ಷಿಯಿದೆ: ಅಹಮದ್ ಖಾನನು ದೇವರಾಯನಿಗೆ ಪುಣ್ಯವಾಗಲೆಂದು 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಶಾಸನ ‘ಧರ್ಮಸಾಲೆ’ ಎಂದೇ ಕರೆಯುತ್ತದೆ.

ಆ ಕಲಿಕೆಯಲ್ಲಿ ಅಷ್ಟು ಕಷ್ಟವಾದುದೇನು? ಪಶ್ಚಿಮ ಏಷ್ಯಾದ ಬಿಲ್ಲು ಮರ, ಕೊಂಬು, ನರಗಳನ್ನು ಅಂಟಿಸಿ ಮಾಡಿದ್ದು. ಗಿಡ್ಡವಾದರೂ ಬಹಳ ಬಿರುಸು. ಅದರ ಹೆದೆಯನ್ನು ಉಂಗುರ ತೊಟ್ಟ ಹೆಬ್ಬೆರಳಿನಿಂದ ಸೆಳೆಯುತ್ತಿದ್ದರು. ಪೂರ್ತಿ ಸೆಳೆದು ಕ್ಷಣಕಾಲ ನಿಂತು ಬಿಡುವುದು ಒಂದು ರೀತಿ, ನಿಲ್ಲದೆ ಬಿಡುವುದು ಇನ್ನೊಂದು. ಅವಸರಪಟ್ಟರೆ ಸೆಳೆತ ಅರ್ಧಕ್ಕೇ ಮುಗಿದು ಬಾಣ ಕೆಳಗೆ ಬೀಳುತ್ತದೆ. ಹೆಚ್ಚು ಹೊತ್ತು ಹಿಡಿದರೆ ತೋಳು ನಡುಗಿ ಗುರಿ ಕದಲುತ್ತದೆ. ಇಂದಿನ ಒಲಿಂಪಿಕ್ ಸ್ಪರ್ಧಿಯ ಕಷ್ಟವೂ ಇದೇ. 70 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ 12.2 ಸೆಂಟಿಮೀಟರ್, ವೈಯಕ್ತಿಕ ಪಂದ್ಯದಲ್ಲಿ ಒಂದು ಬಾಣಕ್ಕೆ 20 ಸೆಕೆಂಡ್. ಹೆದೆ ಪ್ರತಿಸಲವೂ ಗದ್ದದ ಅದೇ ಜಾಗಕ್ಕೆ ಬರಬೇಕು. ಸೆಳೆತ ಪೂರ್ತಿಯಾದೊಡನೆ ಬಾಣದ ತುದಿಯಿಂದ ಜಾರಿ ‘ಟಿಕ್’ ಎನ್ನುವ ಲೋಹದ ಪಟ್ಟಿಯೊಂದು ಬಿಲ್ಲಿನಲ್ಲಿರುತ್ತದೆ, ಅದೇ ಕ್ಲಿಕ್ಕರ್. ಕಣ್ಣಿಗೆ ಗುರಿ ಸಿಕ್ಕಿತೆಂದು ಕೈ ದುಡುಕದಂತೆ ತಡೆಯುವ ಉಪಾಯವಿದು.

ಈ ಮಾತು ಬಂದಾಗಲೆಲ್ಲ ನನಗೆ ಏಕಲವ್ಯನ ನೆನಪಾಗುತ್ತದೆ. ಹೆಬ್ಬೆರಳು ಹೋದ ಮೇಲೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟನು, ಆದರೆ ಮೊದಲಿನ ಶೀಘ್ರತೆ ಉಳಿಯಲಿಲ್ಲ ಎನ್ನುತ್ತದೆ ಮಹಾಭಾರತ. ಕಣ್ಣು ಅದೇ, ಗುರಿಯೂ ಅದೇ. ಗುರುವು ಕಿತ್ತುಕೊಂಡದ್ದು ಗಳಿಗೆಯನ್ನು. ಅಲ್ಲಿ ಬೇಡರ ಹುಡುಗನಿಗೆ ಪಾಠ ನಿರಾಕರಿಸಿದ ಗುರು. ಇಲ್ಲಿ ಶತ್ರುಪಕ್ಷದ ವಿದ್ಯೆ ಬಲ್ಲವರನ್ನೇ ಕರೆದು ಗೌರವಿಸಿ, ಶಿಷ್ಯನಾಗಿ ನಿಂತ ಅರಸ.

1443ರಲ್ಲಿ ದೇವರಾಯನು ತುಂಗಭದ್ರೆಯನ್ನು ದಾಟಿ ಮುದುಗಲ್ಲನ್ನು ಹಿಡಿದನು. ಎರಡು ತಿಂಗಳಲ್ಲಿ ಮೂರು ಕಾಳಗಗಳು ನಡೆದವು. ಮೊದಲನೆಯದರಲ್ಲಿ ವಿಜಯನಗರದ ಕೈ ಮೇಲಾಯಿತೆಂದು ಫೆರಿಷ್ತಾನೇ ಒಪ್ಪುತ್ತಾನೆ. ಮೂರನೆಯದರಲ್ಲಿ ಅರಸನ ಹಿರಿಯ ಮಗನು ಮಡಿದನು, ಯುದ್ಧ ಸಂಧಿಯಲ್ಲಿ ಮುಗಿಯಿತು. ಕಲಿತ ವಿದ್ಯೆ ಗೆಲುವನ್ನು ಖಾತರಿ ಮಾಡಲಿಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಕೆಡವಿದ್ದು ಪೋರ್ಚುಗೀಸರ ಕೋವಿಗಳು. 18ನೆಯ ಶತಮಾನದಲ್ಲಿ ಹೈದರಾಲಿ ಬಳ್ಳಾರಿಯ ಗುಡ್ಡದ ಬುಡದಲ್ಲಿ ಕೆಳಕೋಟೆಯನ್ನು ಕಟ್ಟಿಸುವ ವೇಳೆಗೆ ಲೆಕ್ಕವೆಲ್ಲ ಫಿರಂಗಿಯದಾಗಿತ್ತು.

ಬಿಲ್ಲು ಹೋಯಿತು. ಆದರೆ ‘ನಾವೇಕೆ ಸೋತೆವು’ ಎಂದು ಕೇಳಿ, ಉತ್ತರವನ್ನು ಸಹಿಸಿಕೊಂಡು, ಬಲ್ಲವನು ಯಾರೇ ಆಗಿರಲಿ ಅವನಿಂದ ಕಲಿತ ಆ ಅರಸನ ನಡೆಯನ್ನು ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕೆಂಬುದು ನನ್ನ ಅಭಿಪ್ರಾಯ.