ಎಲ್ಬೆ ದಂಡೆಯ ನೋಟ: ಕಳೆದದ್ದು, ಮರಳಿದ್ದು

ಹಳೆಯ ನಗರಗಳಿಗೆ ಪ್ರವಾಸ ಹೋದವರು ಕೋಟೆ, ಅರಮನೆ, ಚರ್ಚುಗಳನ್ನು ಒಂದೊಂದಾಗಿ ನೋಡಿ ಬರುವುದು ವಾಡಿಕೆ. ಆದರೆ ಇವೆಲ್ಲ ಒಟ್ಟಾಗಿ ಒಂದೇ ನೋಟಕ್ಕೆ ದಕ್ಕುವ ತಾಣವೂ ಅನೇಕ ಹಳೆಯ ನಗರಗಳಲ್ಲಿ ಇರುತ್ತದೆ. ಅದು ನದಿಯ ಆಚೆ ದಡ ಇರಬಹುದು, ಊರಂಚಿನ ಗುಡ್ಡ ಇರಬಹುದು. ಪ್ರೇಗ್, ಎಡಿನ್‌ಬರೊ, ಫ್ಲಾರೆನ್ಸ್ ನಗರಗಳು ಇಂಥ ತಾಣಗಳಿಗೆ ಹೆಸರುವಾಸಿ. ಅಂಥ ನೋಟದ ಬೆಲೆ ಏನೆಂಬುದನ್ನು ತಿಳಿಯಬೇಕಾದರೆ ಮಾತ್ರ ಜರ್ಮನಿಯ ಡ್ರೆಸ್ಡೆನ್ ನಗರದ ಕಥೆಯನ್ನು ಕೇಳಬೇಕು.

ಡ್ರೆಸ್ಡೆನ್ ಇರುವುದು ಎಲ್ಬೆ ನದಿಯ ದಂಡೆಯಲ್ಲಿ. ಇಟಲಿಯ ವೆನಿಸ್‌ನಿಂದ ಬಂದ ಬೆರ್ನಾರ್ಡೊ ಬೆಲ್ಲೊಟ್ಟೊ ಎಂಬ ಚಿತ್ರಕಾರ 1748ರಲ್ಲಿ ನದಿಯ ಬಲದಂಡೆಯ ಮೇಲೆ ನಿಂತು ಎದುರಿನ ಹಳೆಯ ಪಟ್ಟಣವನ್ನು ಚಿತ್ರಿಸಿದ. ನಡುವೆ ಆಗಸ್ಟಸ್ ಸೇತುವೆಯ ಕಮಾನುಗಳು, ಎಡಕ್ಕೆ ಫ್ರೌವೆನ್‌ಕಿರ್ಷೆ ಎಂಬ ಚರ್ಚಿನ ಭಾರೀ ಗುಮ್ಮಟ, ಬಲಕ್ಕೆ ಆಗಿನ್ನೂ ಕಟ್ಟುತ್ತಿದ್ದ ಆಸ್ಥಾನದ ಚರ್ಚು, ಇವೆಲ್ಲದರ ಕೆಳಗೆ ಶಾಂತವಾದ ನೀರು. ಬೆಲ್ಲೊಟ್ಟೊನ ಸೋದರಮಾವ ಕಾನಾಲೆಟ್ಟೊ ಎಂಬ ಹೆಸರಿನಿಂದ ಪ್ರಖ್ಯಾತನಾದ ಕಲಾವಿದ; ಅಳಿಯನೂ ಅದೇ ಹೆಸರನ್ನು ಬಳಸಿಕೊಂಡ. ಹಾಗಾಗಿ ಆ ಜಾಗದಿಂದ ಕಾಣುವ ದೃಶ್ಯವನ್ನು ಜನ ಇಂದಿಗೂ ‘ಕಾನಾಲೆಟ್ಟೊ ನೋಟ’ ಎಂದೇ ಕರೆಯುತ್ತಾರೆ.

ಬೆಲ್ಲೊಟ್ಟೊನನ್ನು ಕರೆಸಿಕೊಂಡವನು ಸ್ಯಾಕ್ಸನಿಯ ಅರಸ ಮೂರನೇ ಆಗಸ್ಟಸ್. ಆತ ಪೋಲೆಂಡಿನ ದೊರೆಯೂ ಆಗಿದ್ದ. ತನ್ನ ರಾಜಧಾನಿಯ ವೈಭವ ಕ್ಯಾನ್‌ವಾಸಿನ ಮೇಲೆ ಉಳಿಯಬೇಕೆಂಬುದು ಅವನ ಆಸೆ. ಆದರೆ ಚಿತ್ರಕಾರ ವೈಭವವನ್ನಷ್ಟೇ ನೋಡಲಿಲ್ಲ. 1760ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕನ ಫಿರಂಗಿಗಳು ಡ್ರೆಸ್ಡೆನ್ ಮೇಲೆ ಗುಂಡಿನ ಮಳೆ ಸುರಿಸಿದವು. ಬೆಲ್ಲೊಟ್ಟೊನ ಮನೆಯೂ ನಾಶವಾಯಿತು. ಆ ದಾಳಿಯಲ್ಲಿ ಹಾಳಾದ ಇನ್ನೊಂದು ಚರ್ಚಿನ ಅವಶೇಷವನ್ನೂ ಅವನು 1765ರಲ್ಲಿ ಚಿತ್ರಿಸಿದ. ಫ್ರೌವೆನ್‌ಕಿರ್ಷೆಯ ಕಲ್ಲಿನ ಗುಮ್ಮಟ ಮಾತ್ರ ಫಿರಂಗಿ ಗುಂಡುಗಳಿಗೆ ಜಗ್ಗಲಿಲ್ಲ.

ವಾರ್ಸಾದ ಋಣ

ಆಶ್ರಯದಾತ ದೊರೆ 1763ರಲ್ಲಿ ತೀರಿಕೊಂಡ ನಂತರ ಬೆಲ್ಲೊಟ್ಟೊ ಬೇರೆ ನೆಲೆ ಹುಡುಕಬೇಕಾಯಿತು. 1768ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಆಸ್ಥಾನ ಚಿತ್ರಕಾರನಾಗಿ, 1780ರಲ್ಲಿ ಅಲ್ಲಿಯೇ ಸತ್ತ. ಅಲ್ಲಿನ ರಾಜಬೀದಿ, ಅರಮನೆ, ಚರ್ಚುಗಳನ್ನು ಡಜನ್ನುಗಟ್ಟಲೆ ಆಳುಗಳು, ಸಾರೋಟುಗಳು, ಭಿಕ್ಷುಕರ ಸಮೇತ ಬಿಡಿಸಿದ. ಆ ಸಾಲಿನ 22 ಚಿತ್ರಗಳು ಇಂದಿಗೂ ಉಳಿದಿವೆ.

ಈ ಚಿತ್ರಗಳ ನಿಜವಾದ ಉಪಯೋಗ ತಿಳಿದದ್ದು ಸುಮಾರು 180 ವರ್ಷಗಳ ಬಳಿಕ. 1944ರ ವಾರ್ಸಾ ದಂಗೆಯನ್ನು ಹತ್ತಿಕ್ಕಿದ ನಾಜಿಗಳು ಆ ನಗರವನ್ನು ಬೀದಿಬೀದಿಯಾಗಿ ಸುಟ್ಟು, ಸಿಡಿಸಿ ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಹಳೆಯ ನಗರವನ್ನು ಇದ್ದ ಹಾಗೆಯೇ ಕಟ್ಟಲು ಪೋಲೆಂಡಿನವರು ಪಣ ತೊಟ್ಟರು. ವಾಸ್ತುಶಿಲ್ಪ ವಿದ್ಯಾರ್ಥಿಗಳು ಯುದ್ಧಕ್ಕೆ ಮುಂಚೆ ಅಳೆದು ಬರೆದಿದ್ದ ನಕ್ಷೆಗಳೂ ಹಳೆಯ ಛಾಯಾಚಿತ್ರಗಳೂ ನೆರವಾದವು. ಬೆಲ್ಲೊಟ್ಟೊನ ಚಿತ್ರಗಳೂ ಸಾಕ್ಷಿ ನುಡಿದವು. ಚಿತ್ರದ ಅಂದಕ್ಕಾಗಿ ಅವನು ಅಲ್ಲಲ್ಲಿ ಮಾಡಿದ್ದ ತಿದ್ದುಪಡಿಗಳು ಹೊಸದಾಗಿ ಎದ್ದ ಕೆಲವು ಗೋಡೆಗಳಲ್ಲಿಯೂ ಸೇರಿಹೋದವು! 1980ರಲ್ಲಿ ಯುನೆಸ್ಕೊ ಈ ಪುನರ್ನಿರ್ಮಿತ ಪಟ್ಟಣವನ್ನು ವಿಶ್ವ ಪರಂಪರೆಯ ತಾಣವೆಂದು ಒಪ್ಪಿಕೊಂಡಿತು.

ಕಲ್ಲುರಾಶಿಯಿಂದ ಗುಮ್ಮಟಕ್ಕೆ

ಡ್ರೆಸ್ಡೆನ್ನಿನ ಸರದಿ 1945ರ ಫೆಬ್ರುವರಿ 13ರ ರಾತ್ರಿ ಬಂತು. ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳ ದಾಳಿಗೆ 25 ಸಾವಿರದವರೆಗೂ ಜನ ಬಲಿಯಾದರೆಂದು ಇತಿಹಾಸಕಾರರ ಸಮಿತಿ 2010ರಲ್ಲಿ ಅಂದಾಜು ಮಾಡಿದೆ. ಬೆಂಕಿಯ ಕಾವಿನಲ್ಲಿ ಬೆಂದ ಫ್ರೌವೆನ್‌ಕಿರ್ಷೆ 15ರ ಬೆಳಿಗ್ಗೆ ಕುಸಿಯಿತು. ಗಿಯೋರ್ಗ್ ಬೇರ್ ಎಂಬ ಶಿಲ್ಪಿಯ ಯೋಜನೆಯಂತೆ 1726ರಿಂದ 1743ರವರೆಗೆ ಕಟ್ಟಿದ ಕಟ್ಟಡವದು. ಪೂರ್ವ ಜರ್ಮನಿಯ ಸರ್ಕಾರ ಆ ಕಲ್ಲುರಾಶಿಯನ್ನು ಯುದ್ಧದ ಸ್ಮಾರಕವಾಗಿ ಹಾಗೆಯೇ ಬಿಟ್ಟಿತು. 1980ರ ದಶಕದಲ್ಲಿ ಪ್ರತಿ ಫೆಬ್ರುವರಿ 13ರಂದು ಯುವಜನರು ಅಲ್ಲಿ ಮೋಂಬತ್ತಿ ಹಚ್ಚಿ ಶಾಂತಿಗಾಗಿ ಮೌನವಾಗಿ ನಿಲ್ಲುತ್ತಿದ್ದರು.

ಜರ್ಮನಿ ಒಂದಾದ ಬಳಿಕ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅಳೆದು, ಅವು ಮೊದಲು ಎಲ್ಲಿದ್ದವೆಂದು ಗುರುತಿಸುವ ಕೆಲಸ ಶುರುವಾಯಿತು. 1994ರಲ್ಲಿ ಶಂಕುಸ್ಥಾಪನೆ, 2005ರ ಅಕ್ಟೋಬರ್ 30ರಂದು ಪ್ರತಿಷ್ಠಾಪನೆ. ಖರ್ಚು ಸುಮಾರು 18 ಕೋಟಿ ಯೂರೊ. ಅದರ ಹೆಚ್ಚಿನ ಪಾಲು ದೇಣಿಗೆಯಿಂದ ಬಂತು. ಕಪ್ಪಾದ ಹಳೆಯ ಕಲ್ಲುಗಳು ಹೊಸ ಕಲ್ಲುಗಳ ನಡುವೆ ಎದ್ದು ಕಾಣುತ್ತವೆ. ಗುಮ್ಮಟದ ತುದಿಯ ಶಿಲುಬೆಯನ್ನು ರೂಪಿಸಿದವರು ಬ್ರಿಟನ್ನಿನ ಅಕ್ಕಸಾಲಿಗ ಅಲನ್ ಸ್ಮಿತ್. ಅವರ ತಂದೆ 1945ರ ದಾಳಿಯಲ್ಲಿ ಪಾಲ್ಗೊಂಡಿದ್ದ ವಾಯುಪಡೆಯವರು. ಇಂದು 67 ಮೀಟರ್ ಎತ್ತರದ ಅಟ್ಟಣಿಗೆ ಏರಿ ಊರನ್ನು ನೋಡಬಹುದು; ನದಿಯ ಆಚೆ ನಿಂತರೆ ಬೆಲ್ಲೊಟ್ಟೊ ಕಂಡ ಸಾಲು ಮತ್ತೆ ತುಂಬಿಕೊಂಡಿದೆ.

ಸೇತುವೆ ಬೇಕೆ, ಕಣಿವೆ ಬೇಕೆ?

ಹೀಗೆ ನೋಟವೊಂದು ಮರಳುತ್ತಿದ್ದ ಹೊತ್ತಿನಲ್ಲೇ ಹೊಸ ತಕರಾರು ಹುಟ್ಟಿತು. 2004ರಲ್ಲಿ ಡ್ರೆಸ್ಡೆನ್ನಿನ ಎಲ್ಬೆ ಕಣಿವೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಅರಮನೆ, ಚರ್ಚುಗಳ ಜೊತೆಗೆ ನದಿಯಂಚಿನ ಹುಲ್ಲುಗಾವಲು, ದ್ರಾಕ್ಷಿ ತೋಟದ ಇಳಿಜಾರು ಎಲ್ಲ ಕೂಡಿದ ಸುಮಾರು 18 ಕಿಲೋಮೀಟರ್ ಉದ್ದದ ಭೂದೃಶ್ಯವದು. ಅದರ ನಡುವೆ, ವಾಲ್ಡ್‌ಶ್ಲೋಸ್ಶೆನ್ ಎಂಬಲ್ಲಿ, ವಾಹನ ದಟ್ಟಣೆ ತಗ್ಗಿಸಲು ನಾಲ್ಕು ಪಥದ ಸೇತುವೆ ಬೇಕೆಂದು 2005ರ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಹೇಳಿದರು. ಸುರಂಗ ತೋಡಿದರೆ ಆಗದೇ ಎಂಬ ಸಲಹೆ ಕೈಗೂಡಲಿಲ್ಲ. 2009ರಲ್ಲಿ ಯುನೆಸ್ಕೊ ಕಣಿವೆಯನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಸೇತುವೆ 2013ರಲ್ಲಿ ಸಂಚಾರಕ್ಕೆ ತೆರೆಯಿತು.

ಇದು ದೂರದ ದೇಶದ ಮಾತಷ್ಟೇ ಅಲ್ಲ. ತುಂಗಭದ್ರೆಯ ಮೇಲೆ ಕಟ್ಟುತ್ತಿದ್ದ ತೂಗುಸೇತುವೆಗಳ ಕಾರಣಕ್ಕೆ ನಮ್ಮ ಹಂಪಿಯೂ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿತ್ತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಅದೇ ವರ್ಷ ಡ್ರೆಸ್ಡೆನ್ ಒಳಗೆ ಹೋಯಿತು.

ದಿನವೂ ಕಚೇರಿಗೆ ಹೋಗಬೇಕಾದವನಿಗೆ ಸೇತುವೆ ಬೇಡವೆನ್ನುವುದು ಸುಲಭವಲ್ಲ. ಊರು ಪ್ರವಾಸಿಗರಿಗಾಗಿ ಮಾತ್ರ ಇರುವುದೂ ಇಲ್ಲ. ಆದರೆ ಒಂದು ಮಾತು ನೆನಪಿಡಬೇಕು. ಬಾಂಬಿಗೆ ಬಿದ್ದ ಗುಮ್ಮಟವನ್ನು ಜನ ಕಲ್ಲು ಹೆಕ್ಕಿ ಮತ್ತೆ ಎತ್ತಿ ನಿಲ್ಲಿಸಿದರು. ನಾವೇ ಒಪ್ಪಿ ಕಟ್ಟಿದ ಕಾಂಕ್ರೀಟನ್ನು ಕಿತ್ತು, ನೋಟವನ್ನು ಬಿಡಿಸಿಕೊಂಡ ಊರುಗಳು ತೀರಾ ವಿರಳ.