ಪ್ರೊಸೆಸರ್ ಸೌಲಭ್ಯಗಳ ಏಕರೂಪ ನಿಷ್ಕ್ರಿಯಗೊಳಿಸುವಿಕೆ

ಪ್ರೊಸೆಸರ್ ಸೌಲಭ್ಯಗಳ ಏಕರೂಪ ನಿಷ್ಕ್ರಿಯಗೊಳಿಸುವಿಕೆ ಎಂದರೆ, ಬಹುಕೋರ್ ಗಣಕಯಂತ್ರದಲ್ಲಿ ಪ್ರೊಸೆಸರಿನ ನಿರ್ದಿಷ್ಟ ಸೌಲಭ್ಯವೊಂದನ್ನು ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್ ಎಲ್ಲ ಕೋರ್‌ಗಳಲ್ಲಿಯೂ ಒಂದೇ ರೀತಿಯಾಗಿ ಸ್ಥಗಿತಗೊಳಿಸುವ ಕ್ರಮ. ಸೌಲಭ್ಯದಲ್ಲಿ ದೋಷ ಕಂಡುಬಂದಾಗ, ಅದರಿಂದ ಭದ್ರತೆಗೆ ಅಪಾಯವಿದ್ದಾಗ ಅಥವಾ ಅದು ಕೆಲವು ಕೋರ್‌ಗಳಲ್ಲಿ ಮಾತ್ರ ಇದ್ದಾಗ ಈ ಕ್ರಮ ಅಗತ್ಯವಾಗುತ್ತದೆ. ಒಂದು ಕೋರ್ ಬಿಟ್ಟುಹೋದರೂ ಉದ್ದೇಶ ಈಡೇರುವುದಿಲ್ಲ ಎಂಬುದು ಇದರ ಮೂಲತತ್ತ್ವ.

ಹಿನ್ನೆಲೆ

ಇಂದಿನ ಪ್ರೊಸೆಸರ್ ಚಿಪ್ಪಿನಲ್ಲಿ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಹಲವು ಘಟಕಗಳಿರುತ್ತವೆ. ಇವುಗಳನ್ನು ಕೋರ್‌ಗಳೆಂದು ಕರೆಯಲಾಗುತ್ತದೆ. ಮೂಲಭೂತ ಆದೇಶಗಳ ಜೊತೆಗೆ, ಅನೇಕ ಸಂಖ್ಯೆಗಳನ್ನು ಒಮ್ಮೆಲೇ ಸಂಸ್ಕರಿಸುವ ಎವಿಎಕ್ಸ್‌ನಂತಹ ವಿಶೇಷ ಸೌಲಭ್ಯಗಳೂ ಕೋರ್‌ಗಳಲ್ಲಿ ಇರುತ್ತವೆ. ಇಂಟೆಲ್ ಮತ್ತು ಎಎಮ್‌ಡಿ ಪ್ರೊಸೆಸರ್‌ಗಳಲ್ಲಿ ಯಾವ ಸೌಲಭ್ಯಗಳಿವೆ ಎಂಬುದನ್ನು ತಂತ್ರಾಂಶಗಳು ಸಿಪಿಯುಐಡಿ ಎಂಬ ಆದೇಶದ ಮೂಲಕ ತಿಳಿದುಕೊಳ್ಳುತ್ತವೆ. ಸಾಮಾನ್ಯವಾಗಿ ತಂತ್ರಾಂಶವು ಆರಂಭದಲ್ಲಿ ಒಮ್ಮೆ ಮಾತ್ರ ಇದನ್ನು ವಿಚಾರಿಸಿ, ಬಂದ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ.

ಆದರೆ ಕರ್ನಲ್ ಕೆಲಸವನ್ನು ಒಂದು ಕೋರ್‌ನಿಂದ ಮತ್ತೊಂದಕ್ಕೆ ಆಗಾಗ ವರ್ಗಾಯಿಸುತ್ತಿರುತ್ತದೆ. ಆದ್ದರಿಂದ ವಿಚಾರಿಸಿದ ಕೋರ್ ಒಂದು, ಸೌಲಭ್ಯವನ್ನು ಬಳಸುವ ಕೋರ್ ಇನ್ನೊಂದು ಆಗಬಹುದು. ಎರಡನೆಯದರಲ್ಲಿ ಸೌಲಭ್ಯವಿಲ್ಲದಿದ್ದರೆ, ಅಮಾನ್ಯ ಆದೇಶವೆಂಬ ಕಾರಣದಿಂದ ತಂತ್ರಾಂಶವು ಅರ್ಧದಲ್ಲಿಯೇ ನಿಂತುಹೋಗುತ್ತದೆ.

ಇದನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೇ ಮಾದರಿಯ ಆರು ತೂಕದ ಯಂತ್ರಗಳಿವೆ ಎಂದುಕೊಳ್ಳೋಣ. ಖಾಲಿ ಚೀಲದ ತೂಕವನ್ನು ತಾನಾಗಿ ಕಳೆಯುವ ಸೌಲಭ್ಯದಲ್ಲಿ ದೋಷವಿರುವುದು ತಿಳಿದುಬರುತ್ತದೆ. ಐದು ಯಂತ್ರಗಳಲ್ಲಿ ಅದನ್ನು ನಿಲ್ಲಿಸಿ ಆರನೆಯದನ್ನು ಮರೆತರೆ, ರೈತನ ಅರ್ಧ ಮಾಲು ಒಂದು ರೀತಿಯಲ್ಲಿ, ಉಳಿದರ್ಧ ಇನ್ನೊಂದು ರೀತಿಯಲ್ಲಿ ತೂಗಲ್ಪಡುತ್ತದೆ. ಯಾವ ಚೀಲ ಯಾವ ಯಂತ್ರಕ್ಕೆ ಹೋಗುವುದೆಂದು ಮೊದಲೇ ಹೇಳಲಾಗದ ಕಾರಣ, ಸೌಲಭ್ಯವನ್ನು ಎಲ್ಲ ಯಂತ್ರಗಳಲ್ಲಿಯೂ ನಿಲ್ಲಿಸುವುದೊಂದೇ ಸರಿಯಾದ ದಾರಿ.

ಕರ್ನಲ್ ಅನುಸರಿಸುವ ವಿಧಾನ

ಸೌಲಭ್ಯಗಳನ್ನು ನಿಯಂತ್ರಿಸುವ ರಿಜಿಸ್ಟರ್‌ಗಳು ಬಹುಮಟ್ಟಿಗೆ ಪ್ರತಿ ಕೋರ್‌ಗೂ ಪ್ರತ್ಯೇಕವಾಗಿರುತ್ತವೆ. ಒಂದು ಕೋರ್‌ನಲ್ಲಿ ಬರೆದ ಮೌಲ್ಯವು ಇನ್ನೊಂದಕ್ಕೆ ತಾನಾಗಿ ತಲುಪುವುದಿಲ್ಲ. ಗಣಕಯಂತ್ರ ಆರಂಭವಾಗುವಾಗ ಮೊದಲು ಒಂದೇ ಕೋರ್ ಎಚ್ಚರಗೊಳ್ಳುತ್ತದೆ. ಕರ್ನಲ್ ಅದರ ಸೌಲಭ್ಯಗಳನ್ನು ಗುರುತಿಸಿ, ಬೇಡವಾದವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಅನಂತರ ಉಳಿದ ಕೋರ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಪ್ರತಿಯೊಂದರಲ್ಲಿಯೂ ಅದೇ ಕ್ರಮವನ್ನು ಪುನರಾವರ್ತಿಸುತ್ತದೆ.

ಲಿನಕ್ಸ್ ಕರ್ನಲ್ ಇಡೀ ಯಂತ್ರಕ್ಕೆ ಸಂಬಂಧಿಸಿದ ಒಂದು ಸೌಲಭ್ಯಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಎಲ್ಲ ಕೋರ್‌ಗಳಲ್ಲಿಯೂ ಸಮಾನವಾಗಿರುವ ಸೌಲಭ್ಯಗಳು ಮಾತ್ರ ಈ ಪಟ್ಟಿಯಲ್ಲಿ ಉಳಿಯುತ್ತವೆ. ೬೪ ಬಿಟ್ ಆರ್ಮ್ ಪ್ರೊಸೆಸರ್‌ಗಳಲ್ಲಿ, ಈಗಾಗಲೇ ಬಳಕೆಯಲ್ಲಿರುವ ಸೌಲಭ್ಯವನ್ನು ಹೊಂದಿರದ ಕೋರ್ ತಡವಾಗಿ ಸೇರಲು ಬಂದರೆ, ಕರ್ನಲ್ ಅದನ್ನು ಕೆಲಸಕ್ಕೆ ಸೇರಿಸಿಕೊಳ್ಳದೆ ಬದಿಗಿಡುತ್ತದೆ.

ಆರಂಭದಲ್ಲಿ ಒಮ್ಮೆ ಮಾಡಿದರೆ ಈ ಕೆಲಸ ಮುಗಿಯುವುದಿಲ್ಲ. ಕೋರ್ ಒಂದನ್ನು ತೆಗೆದು ಮತ್ತೆ ಸೇರಿಸಿದಾಗ ಅಥವಾ ಗಣಕಯಂತ್ರವು ನಿದ್ರಾಸ್ಥಿತಿಯಿಂದ ಮರಳಿದಾಗ ರಿಜಿಸ್ಟರ್‌ಗಳು ಮೂಲಸ್ಥಿತಿಗೆ ಹಿಂತಿರುಗಿರಬಹುದು. ಆಗ ಕರ್ನಲ್ ಹಿಂದಿನ ಮೌಲ್ಯಗಳನ್ನು ಮತ್ತೆ ಬರೆಯಬೇಕಾಗುತ್ತದೆ.

ನಿಷ್ಕ್ರಿಯಗೊಳಿಸುವುದು ಮತ್ತು ಮರೆಮಾಡುವುದು

ಸೌಲಭ್ಯವನ್ನು ನಿಲ್ಲಿಸುವುದು ಬೇರೆ, ಅದು ತಂತ್ರಾಂಶಗಳಿಗೆ ಕಾಣದಂತೆ ಮಾಡುವುದು ಬೇರೆ. ಲಿನಕ್ಸ್‌ನಲ್ಲಿ ಕ್ಲಿಯರ್‌ಸಿಪಿಯುಐಡಿ ಎಂಬ ಆರಂಭಿಕ ಆಯ್ಕೆಯನ್ನು ನೀಡಿದರೆ, ಕರ್ನಲ್ ಆ ಸೌಲಭ್ಯವನ್ನು ತನ್ನ ಪಟ್ಟಿಯಿಂದ ತೆಗೆಯುತ್ತದೆ. ಆದರೂ ಸಿಪಿಯುಐಡಿ ಆದೇಶವನ್ನು ನೇರವಾಗಿ ಬಳಸುವ ತಂತ್ರಾಂಶಕ್ಕೆ ಅದು ಇನ್ನೂ ಕಾಣಿಸಬಹುದು. ಕಾಣಿಸಿಯೂ ಕೆಲಸ ಮಾಡದಿದ್ದರೆ ತಂತ್ರಾಂಶ ಕುಸಿಯುತ್ತದೆ. ಮರೆಯಾಗಿದ್ದರೂ ಕೆಲಸ ಮಾಡುತ್ತಿದ್ದರೆ ಭದ್ರತೆಯ ಅಪಾಯ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸಾಧ್ಯವಿದ್ದಲ್ಲಿ ಎರಡನ್ನೂ ಒಟ್ಟಿಗೆ ಮಾಡುವುದು ಸೂಕ್ತ.

ಪ್ರಮುಖ ಉದಾಹರಣೆಗಳು

ಟಿಎಸ್‌ಎಕ್ಸ್: ಅನೇಕ ಥ್ರೆಡ್‌ಗಳು ಒಂದೇ ದತ್ತಾಂಶವನ್ನು ಬಳಸುವಾಗ ವೇಗ ಹೆಚ್ಚಿಸಲು ಇಂಟೆಲ್ ರೂಪಿಸಿದ ಸೌಲಭ್ಯವಿದು. ೨೦೧೪ರ ಆಗಸ್ಟ್‌ನಲ್ಲಿ ಹ್ಯಾಸ್ವೆಲ್ ಪ್ರೊಸೆಸರ್‌ಗಳಲ್ಲಿ ಇದರ ದೋಷ ಬಹಿರಂಗವಾಗಿ, ಮೈಕ್ರೋಕೋಡ್ ಪರಿಷ್ಕರಣೆಯ ಮೂಲಕ ಸೌಲಭ್ಯವನ್ನು ನಿಲ್ಲಿಸಲಾಯಿತು. ಯಂತ್ರವು ಚಾಲನೆಯಲ್ಲಿರುವಾಗಲೇ ಪರಿಷ್ಕರಣೆಯನ್ನು ಅಳವಡಿಸಿದ ಕಡೆಗಳಲ್ಲಿ, ಸೌಲಭ್ಯವಿದೆಯೆಂದು ಮೊದಲೇ ನಂಬಿದ್ದ ತಂತ್ರಾಂಶಗಳು ಕುಸಿದವು. ಇಂತಹ ಬದಲಾವಣೆಗಳನ್ನು ಆರಂಭದ ಹಂತದಲ್ಲಿಯೇ ಮಾಡಬೇಕೆಂಬ ಪಾಠವನ್ನು ಈ ಪ್ರಕರಣ ಕಲಿಸಿತು. ೨೦೧೯ರ ನವೆಂಬರ್‌ನಲ್ಲಿ ಇದೇ ಸೌಲಭ್ಯದ ಮೂಲಕ ರಹಸ್ಯ ದತ್ತಾಂಶ ಸೋರಿಕೆಯಾಗಬಲ್ಲ ನ್ಯೂನತೆಯೊಂದು ಪ್ರಕಟವಾಯಿತು. ಆಗ ಒದಗಿಸಲಾದ ಹೊಸ ರಿಜಿಸ್ಟರಿನಲ್ಲಿ ಸೌಲಭ್ಯವನ್ನು ನಿಲ್ಲಿಸಲು ಒಂದು ಬಿಟ್, ಮರೆಮಾಡಲು ಇನ್ನೊಂದು ಬಿಟ್ ಇವೆ. ಲಿನಕ್ಸ್ ಇವೆರಡನ್ನೂ ಪ್ರತಿ ಕೋರ್‌ನಲ್ಲಿಯೂ ಹೊಂದಿಸುತ್ತದೆ.

ಎವಿಎಕ್ಸ್-೫೧೨: ೨೦೨೧ರ ನವೆಂಬರ್‌ನಲ್ಲಿ ಬಿಡುಗಡೆಯಾದ ಇಂಟೆಲ್‌ನ ಆಲ್ಡರ್ ಲೇಕ್ ಪ್ರೊಸೆಸರ್‌ನಲ್ಲಿ ದೊಡ್ಡ ಮತ್ತು ಸಣ್ಣ ಎಂಬ ಎರಡು ಬಗೆಯ ಕೋರ್‌ಗಳಿವೆ. ದೊಡ್ಡ ಕೋರ್‌ಗಳ ರಚನೆಯಲ್ಲಿ ಎವಿಎಕ್ಸ್-೫೧೨ ಇದ್ದರೂ, ಸಣ್ಣ ಕೋರ್‌ಗಳಲ್ಲಿ ಅದು ಇಲ್ಲದ ಕಾರಣ ಸೌಲಭ್ಯವನ್ನು ಎಲ್ಲ ಕಡೆಯೂ ಕೈಬಿಡಲಾಯಿತು.

ಆರ್ಮ್: ೩೨ ಬಿಟ್ ತಂತ್ರಾಂಶಗಳನ್ನು ಕೆಲವೇ ಕೋರ್‌ಗಳು ನಡೆಸಬಲ್ಲ ಆರ್ಮ್ ಚಿಪ್‌ಗಳಿಗಾಗಿ ಲಿನಕ್ಸ್ ೨೦೨೧ರಲ್ಲಿ ಭಿನ್ನ ಮಾರ್ಗವೊಂದನ್ನು ಒದಗಿಸಿತು. ಬಳಕೆದಾರರು ಬಯಸಿದರೆ ಸೌಲಭ್ಯ ಉಳಿಯುತ್ತದೆ. ಆದರೆ ಅಂತಹ ತಂತ್ರಾಂಶಗಳನ್ನು ಅರ್ಹ ಕೋರ್‌ಗಳಿಗೆ ಮಾತ್ರ ಕಟ್ಟಿಹಾಕಲಾಗುತ್ತದೆ. ಇದು ಸಾಮಾನ್ಯ ನಿಯಮಕ್ಕೆ ಅಪವಾದ.

ಕರ್ನಾಟಕದ ಸಂಬಂಧ

ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸಗೊಳಿಸಿದ, ಡನ್ನಿಂಗ್‌ಟನ್ ಎಂಬ ಸಂಕೇತನಾಮದ ಜಿಯಾನ್ ೭೪೦೦ ಪ್ರೊಸೆಸರ್ ೨೦೦೮ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ೪೫ ನ್ಯಾನೋಮೀಟರ್ ತಂತ್ರಜ್ಞಾನದ ಈ ಚಿಪ್ಪಿನಲ್ಲಿ ಆರು ಕೋರ್‌ಗಳೂ ಸುಮಾರು ೧೯೦ ಕೋಟಿ ಟ್ರಾನ್ಸಿಸ್ಟರ್‌ಗಳೂ ಇದ್ದವು. ಅದರಲ್ಲಿದ್ದ ಫ್ಲೆಕ್ಸ್‌ಮೈಗ್ರೇಶನ್ ಎಂಬ ವ್ಯವಸ್ಥೆಯು ಇದೇ ತತ್ತ್ವವನ್ನು ಅನೇಕ ಸರ್ವರ್‌ಗಳಿಗೆ ವಿಸ್ತರಿಸುತ್ತದೆ. ಹಿಂದಿನ ತಲೆಮಾರಿನ ಜಿಯಾನ್ ೭೩೦೦ ಸರ್ವರ್‌ನಲ್ಲಿ ಎಸ್‌ಎಸ್‌ಇ ೪.೧ ಆದೇಶಗಳಿರಲಿಲ್ಲ. ಎರಡೂ ಬಗೆಯ ಸರ್ವರ್‌ಗಳ ನಡುವೆ ಚಾಲನೆಯಲ್ಲಿರುವ ವರ್ಚುವಲ್ ಯಂತ್ರವನ್ನು ಸ್ಥಳಾಂತರಿಸಬೇಕಾದರೆ, ಹೊಸ ಸರ್ವರ್‌ನಲ್ಲಿ ಆ ಆದೇಶಗಳನ್ನು ಮರೆಮಾಡಿ ಎರಡರ ಸೌಲಭ್ಯಪಟ್ಟಿಯನ್ನೂ ಸಮಗೊಳಿಸಬೇಕಾಗುತ್ತದೆ. ಒಂದೇ ಚಿಪ್ಪಿನ ಕೋರ್‌ಗಳಿಗೆ ಅನ್ವಯಿಸುವ ನಿಯಮವೇ ಇಲ್ಲಿ ಸರ್ವರ್‌ಗಳ ಸಮೂಹಕ್ಕೂ ಅನ್ವಯಿಸುತ್ತದೆ.

ಪರಿಶೀಲನೆ

ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಎಂಬ ಆಜ್ಞೆಯನ್ನು ನೀಡಿ ತಮ್ಮ ಯಂತ್ರದ ಕೋರ್‌ಗಳ ಸಂಖ್ಯೆಯನ್ನೂ ಸೌಲಭ್ಯಪಟ್ಟಿಯನ್ನೂ ನೋಡಬಹುದು. ಪ್ರಾಕ್ ಕಡತಕೋಶದಲ್ಲಿರುವ ಸಿಪಿಯುಇನ್ಫೋ ಕಡತವು ಪ್ರತಿ ಕೋರ್‌ನ ಪಟ್ಟಿಯನ್ನು ಪ್ರತ್ಯೇಕವಾಗಿ ತೋರಿಸುತ್ತದೆ. ಆದರೆ ಇದು ಕರ್ನಲ್ ನೀಡುವ ಪಟ್ಟಿಯಾದ್ದರಿಂದ, ಇದರಲ್ಲಿ ಹೆಸರಿಲ್ಲದ ಸೌಲಭ್ಯವು ಯಂತ್ರಾಂಶದಲ್ಲಿಯೂ ನಿಷ್ಕ್ರಿಯವಾಗಿದೆ ಎಂದು ತೀರ್ಮಾನಿಸಲಾಗದು.