ಹೊಣೆ ಕೈಬದಲಾದಾಗ

ನಮ್ಮ ಧರ್ಮಕೇಂದ್ರದ ಮಹಿಳಾ ಸಂಘಕ್ಕೆ ಹೊಸ ಅಧ್ಯಕ್ಷೆ ಬಂದಾಗ ನಾವು ಹಾರ ಹಾಕಿ, ಚಪ್ಪಾಳೆ ತಟ್ಟಿ ಮನೆಗೆ ಮರಳುತ್ತೇವೆ. ಆದರೆ ನೊಂದ ಸ್ತ್ರೀಯರ ಆಶ್ರಯಧಾಮವೊಂದರ ಆಡಳಿತ ಮಂಡಳಿ ಬದಲಾದಾಗ ಅದರ ಬಿಸಿ ಮೊದಲು ತಟ್ಟುವುದು ಯಾರಿಗೆ? ಹೋಗಲು ಬೇರೆ ಮನೆಯೇ ಇಲ್ಲದ ಹೆಣ್ಣುಮಗಳಿಗೆ. ಪಂಡಿತಾ ರಮಾಬಾಯಿಯವರ ಬದುಕು ಈ ಸತ್ಯವನ್ನು ಎರಡು ಬಾರಿ ನಮ್ಮ ಮುಂದಿಡುತ್ತದೆ.

ರಮಾಬಾಯಿ 1858ರಲ್ಲಿ ಜನಿಸಿದ್ದು ನಮ್ಮದೇ ನಾಡಿನ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಮಾಜದ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದರು. ಮುಂದೆ ಸ್ವತಃ ವಿಧವೆಯಾದ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಬಾಸ್ಟನ್ ನಗರದಲ್ಲಿ 1887ರಲ್ಲಿ ಸ್ಥಾಪಿತವಾದ ರಮಾಬಾಯಿ ಅಸೋಸಿಯೇಷನ್ ಹತ್ತು ವರ್ಷಗಳ ಖರ್ಚನ್ನು ವಹಿಸಿಕೊಂಡಿತ್ತು. ನ್ಯಾಯಮೂರ್ತಿ ರಾನಡೆ, ಡಾ. ಭಂಡಾರ್ಕರ್ ಅವರಂಥ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು.

ಸದನದಲ್ಲಿ ಮತಬೋಧನೆ ನಡೆಯಬಾರದೆಂಬುದು ಒಪ್ಪಂದ. ರಮಾಬಾಯಿ ಯಾರನ್ನೂ ಬಲವಂತಪಡಿಸಲಿಲ್ಲ. ಆದರೆ ತಾವು ಪ್ರಾರ್ಥಿಸುವಾಗ ಕೋಣೆಯ ಬಾಗಿಲನ್ನು ಮುಚ್ಚಲೂ ಇಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತರು. ಒಪ್ಪಂದ ಮುರಿದಿದೆಯೆಂದು ಭಾವಿಸಿದ ಸಲಹೆಗಾರರು 1893ರಲ್ಲಿ ರಾಜೀನಾಮೆ ನೀಡಿದರು. ಪೋಷಕರು ಸುಮಾರು 25 ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು. ಯಾರ ವಾದ ಸರಿಯೆಂದು ನಾವು ಇಂದು ಚರ್ಚಿಸಬಹುದು. ಆದರೆ ಹಿರಿಯರ ಭಿನ್ನಾಭಿಪ್ರಾಯದ ಬೆಲೆ ತೆತ್ತವರು ಪಾಟಿ, ಪುಸ್ತಕ ಕೆಳಗಿಟ್ಟು ಹೊರನಡೆದ ಆ ಮಕ್ಕಳೇ ಅಲ್ಲವೇ?

ರಮಾಬಾಯಿ ಎದೆಗುಂದಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದ ಹೊಲದಲ್ಲಿ ನೆಲೆ ಕಲ್ಪಿಸಿದರು. ಅದೇ ಮುಕ್ತಿ ಸದನ. ಅಲ್ಲಿ ನೇಯ್ಗೆ, ಮುದ್ರಣ, ಕೃಷಿಗಳೊಂದಿಗೆ ಮತ್ತೊಂದು ಪಾಠವೂ ನಡೆಯುತ್ತಿತ್ತು: ಆಶ್ರಯ ಬೇಡಿ ಬಂದವಳೇ ಮುಂದೆ ಶಿಕ್ಷಕಿಯಾಗಿ, ಮೇಲ್ವಿಚಾರಕಿಯಾಗಿ ಇನ್ನೊಬ್ಬಳ ಕೈಹಿಡಿಯುವುದು.

ತಮ್ಮ ನಂತರದ ಹೊಣೆಗೆ ಅವರು ಮಗಳು ಮನೋರಮಾರನ್ನು ಸಿದ್ಧಗೊಳಿಸಿದ್ದರು. ಅಂದು ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, 1912ರ ಸುಮಾರಿಗೆ ಆರಂಭವಾದ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿ ಮನೋರಮಾ ದುಡಿದರು. ಆದರೆ 1921ರ ಜುಲೈ 24ರಂದು, ನಲವತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕಿವಿ ಮಂದವಾಗಿ, ದೇಹ ಸೋತಿದ್ದ ತಾಯಿಗೆ ಇದು ಎಂತಹ ಆಘಾತ! ಆದರೂ ಆಕೆ ದುಃಖದಲ್ಲೇ ಮುಳುಗಿ ಕೂರಲಿಲ್ಲ. ಸಹೋದ್ಯೋಗಿ ಕುಮಾರಿ ಹೇಸ್ಟಿಯವರಿಗೆ ಹೊಣೆ ವಹಿಸುವ ನಿರ್ಧಾರ ಕೈಗೊಂಡರು. 1922ರ ಏಪ್ರಿಲ್ 5ರಂದು ಅವರೂ ಕಣ್ಮುಚ್ಚಿದರು.

ಮುಕ್ತಿ ಸದನದ ಬಾಗಿಲು ಮುಚ್ಚಲಿಲ್ಲ. ಅದರ ಸೇವೆ ಇಂದಿಗೂ ಮುಂದುವರಿದಿದೆ. ಹೊಸ ನಾಯಕಿಯ ಹೆಸರು ಗೊತ್ತಾಗಿದ್ದರಿಂದ ಮಾತ್ರವೇ ಇದು ಸಾಧ್ಯವಾಯಿತೇ? ಇಲ್ಲ. ಹೊಣೆ ಹೊರಬಲ್ಲ ಸ್ತ್ರೀಯರು ಆ ಮನೆಯೊಳಗೇ ನೂರಾರು ಮಂದಿ ಬೆಳೆದಿದ್ದರು.

ಪ್ರಿಯರೇ, ಸಂಘಸಂಸ್ಥೆಗಳಲ್ಲಿ ಸ್ಥಾನ ವಹಿಸಿಕೊಂಡಿರುವ ನಾವು ನಮ್ಮನ್ನೇ ಕೇಳಿಕೊಳ್ಳೋಣ. ನಾಳೆ ನಾನು ಇಲ್ಲವಾದರೆ ನನ್ನ ಕೆಲಸ ಬಲ್ಲವರು ಯಾರಿದ್ದಾರೆ? ನಮ್ಮ ಮನಸ್ತಾಪದ ಭಾರ ಯಾರ ಹೆಗಲಿಗೆ ಬೀಳುತ್ತಿದೆ? ಕುರ್ಚಿಯಿಂದ ಏಳುವ ಮೊದಲು, ಬಾಗಿಲಲ್ಲಿ ನಿಂತಿರುವ ಆ ಹೆಣ್ಣುಮಗಳ ಮುಖವನ್ನೊಮ್ಮೆ ನೋಡೋಣ.